ಮಧುಮೇಹ ಚಿಕಿತ್ಸೆಯ ಹೊಸ ವ್ಯವಸ್ಥೆಗಳು: ಲೆಕ್ಕಪರಿಶೋಧಕನ ಕಣ್ಣಿನಲ್ಲಿ

ನಮ್ಮ ಭಾಗದ ವಾಣಿಜ್ಯ ವಲಯದಲ್ಲಿ ತಳಕಲ್ ಎಂಬ ಹೆಸರು ಇತ್ತೀಚಿನ ವರ್ಷಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತಿದೆ. ಗದಗ–ವಾಡಿ ಹೊಸ ರೈಲು ಮಾರ್ಗವು ಹಳೆಯ ಮಾರ್ಗದಿಂದ ಕವಲೊಡೆಯುವುದು ಅಲ್ಲಿಯೇ. 2025ರ ಮೇ ತಿಂಗಳಿನಲ್ಲಿ ಕುಷ್ಟಗಿಗೆ ಮೊದಲ ರೈಲು ಬಂದದ್ದು ಆ ಕವಲಿನ ಮೂಲಕವೇ. ಊರಿನಲ್ಲಿ ಸರಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. ಹತ್ತಿರದ ಭಾನಾಪುರ ಆಟಿಕೆ ಉದ್ಯಮದ ಹೆಸರಿನಲ್ಲಿ ಪರಿಚಿತವಾಗಿದೆ. ಆದರೆ ಪ್ರಸ್ತುತ ಲೇಖನದಲ್ಲಿ ತಳಕಲ್ ಬರುತ್ತಿರುವುದು ಬೇರೊಂದು ಕಾರಣಕ್ಕಾಗಿ.

ಕೆಲವು ವರ್ಷಗಳ ಹಿಂದೆ ಕಕ್ಷಿದಾರರೊಬ್ಬರ ದಲಾಲಿ ಅಂಗಡಿಯ ಲೆಕ್ಕಪತ್ರ ತಪಾಸಣೆ ಮಾಡುತ್ತಿದ್ದಾಗ ಸಿಬ್ಬಂದಿ ಮುಂಗಡ ಖಾತೆಯಲ್ಲಿ ಒಂದೇ ಹೆಸರಿನ ಮುಂದೆ 65,000 ರೂ. ಬಾಕಿ ನಿಂತಿರುವುದನ್ನು ಕಂಡೆ. ಆ ಅಂಗಡಿಯ ಪದ್ಧತಿಗೆ ಅದು ದೊಡ್ಡ ಮೊತ್ತ. ವಿಚಾರಿಸಿದಾಗ ಅದು ತಳಕಲ್ ಕಡೆಯಿಂದ ದಿನವೂ ಬಂದುಹೋಗುವ ತೂಕದಾರನ ಹೆಸರು ಎಂದು ತಿಳಿಯಿತು. ಎಡಗಾಲಿನ ಎರಡು ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಗಿ ಬಂದು, ಆ ಖರ್ಚಿಗೆಂದು ಮಾಲೀಕರು ಕೊಟ್ಟ ಮುಂಗಡ ಅದಾಗಿತ್ತು. ಅದಕ್ಕೂ ಮೂರು ವರ್ಷ ಮುಂಚೆ ವ್ಯಾಪಾರಿಗಳೇ ಸೇರಿ ಏರ್ಪಡಿಸಿದ್ದ ಒಂದು ದಿನದ ಆರೋಗ್ಯ ಶಿಬಿರದಲ್ಲಿ ಆತನಿಗೆ ಮಧುಮೇಹವಿರುವುದು ಪತ್ತೆಯಾಗಿತ್ತು. ಒಂದು ತಿಂಗಳಿನ ಮಾತ್ರೆಯನ್ನೂ ಕೊಟ್ಟಿದ್ದರು.

"ಗುಳಿಗಿ ಯಾಕ ಬಿಟ್ಟೀಯಪ್ಪಾ?" ಎಂದು ಕೇಳಿದೆ.

"ತಿಂಗಳಾ ತಿಂಗಳಾ ಕೊಪ್ಪಳದಾಗ ದವಾಖಾನಿಗೆ ಹೋಗಾಕ ಆಗ್ಲಿಲ್ಲರೀ ಸಾಹೇಬ್ರ. ಒಂದಿನ ಹೋದ್ರ ಒಂದಿನದ ಪಗಾರ ಹೋಗ್ತೈತಿ. ಮೈಯಾಗ ಏನೂ ತ್ರಾಸ ಇರ್ಲಿಲ್ಲ. ಆರಾಮ ಆತು ಅಂದ್ಕೊಂಡೆ."

ಆ ಶಿಬಿರದ ಭಾವಚಿತ್ರದಲ್ಲಿ ನಾನೂ ಇದ್ದೇನೆ. ಬ್ಯಾನರು, ಹಾರ, ಭಾಷಣ ಎಲ್ಲವೂ ಇದ್ದವು. ರಕ್ತದಲ್ಲಿ ಸಕ್ಕರೆ ಹೆಚ್ಚಿದೆ ಎಂದು ಕಂಡುಬಂದವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆವು. ಆ ಹಾಳೆ ಆಮೇಲೆ ಎಲ್ಲಿ ಹೋಯಿತೆಂದು ಯಾರೂ ಬಲ್ಲವರಿಲ್ಲ. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಕಿರ್ದಿಯಲ್ಲಿ ಬರೆದ ನಮೂದನ್ನು ಖಾತೆ ಪುಸ್ತಕಕ್ಕೆ ಏರಿಸಲೇ ಇಲ್ಲ.

ಮಧುಮೇಹ ಚಿಕಿತ್ಸೆಯಲ್ಲಿ ಹೊಸ ಆವಿಷ್ಕಾರವೆಂದ ಕೂಡಲೇ ನಾವು ಹೊಸ ಔಷಧಿ, ಹೊಸ ಯಂತ್ರಗಳನ್ನು ನೆನೆಯುತ್ತೇವೆ. ಅವು ಇವೆ, ಬೇಕು ಕೂಡ. ಆದರೆ ಕಳೆದ ಎರಡು ದಶಕಗಳಲ್ಲಿ ನಮ್ಮ ದೇಶದಲ್ಲಿ ನಡೆದ ಮುಖ್ಯ ಪ್ರಯೋಗಗಳು ಇರುವ ಔಷಧಿಯನ್ನೇ ರೋಗಿಗೆ ಬಿಡದೆ ತಲುಪಿಸುವುದು ಹೇಗೆ ಎಂಬುದರ ಕುರಿತಾಗಿವೆ. ವ್ಯಾಪಾರಸ್ಥರಾದ ನಮಗೆ ಸುಲಭವಾಗಿ ಅರ್ಥವಾಗುವ ವಿಷಯವಿದು.

ರೋಗದ ಸ್ವಭಾವ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 11.4 ರಷ್ಟು ಜನರಿಗೆ, ಅಂದರೆ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ ಶೇ. 15.3 ರಷ್ಟು ಜನ ಅದರ ಹೊಸ್ತಿಲಲ್ಲಿದ್ದಾರೆ. ಇದು ಶ್ರೀಮಂತರ ಕಾಯಿಲೆ, ಗಾದಿಯ ಮೇಲೆ ಕುಳಿತವರ ಕಾಯಿಲೆ ಎಂಬ ನಮ್ಮ ಹಳೆಯ ಕಲ್ಪನೆಯನ್ನು ಬಿಡಬೇಕಾಗಿದೆ. ಮೂಟೆ ಹೊರುವವರಿಗೂ ಬರುತ್ತದೆ.

ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮಾಡಿಸುವ ರಕ್ತಪರೀಕ್ಷೆಯು ಆ ದಿನದ ಕೈಯಲ್ಲಿರುವ ನಗದು ಇದ್ದಂತೆ. ಹಿಂದಿನ ದಿನ ಎಚ್ಚರಿಕೆಯಿಂದಿದ್ದರೆ ಲೆಕ್ಕ ಚೆನ್ನಾಗಿ ಕಾಣುತ್ತದೆ. ಎಚ್‌ಬಿಎ1ಸಿ ಎಂಬ ಪರೀಕ್ಷೆಯು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ; ಅದು ತ್ರೈಮಾಸಿಕ ಲಾಭ-ನಷ್ಟದ ಪಟ್ಟಿ. ವೈದ್ಯರು ಎರಡನೆಯದನ್ನೇ ಏಕೆ ಕೇಳುತ್ತಾರೆಂಬುದು ಲೆಕ್ಕ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಷ್ಟವೆಂದರೆ, ನಷ್ಟ ಸಂಗ್ರಹವಾಗುತ್ತಿದ್ದರೂ ವರ್ಷಗಟ್ಟಲೆ ನೋವಿರುವುದಿಲ್ಲ. ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡ, ಪಾದದ ನರಗಳು ಸದ್ದಿಲ್ಲದೆ ಕೆಡುತ್ತವೆ. ಪಾದದ ಸ್ಪರ್ಶಜ್ಞಾನ ಹೋದ ಮೇಲೆ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ನಮ್ಮ ತೂಕದಾರನಿಗೆ ಆದದ್ದೂ ಇದೇ.

ಮಾತ್ರೆಯ ಬೆಲೆಯೋ, ದಾರಿಯ ಬೆಲೆಯೋ?

ಆತನ ಮಾತು ಕೇಳಿದ ಮೇಲೆ ನಾನು ಒಂದು ಲೆಕ್ಕ ಹಾಕಿದೆ. ಇವು ಯಾವುದೇ ಸಮೀಕ್ಷೆಯ ಅಂಕಿಗಳಲ್ಲ, ನಮ್ಮ ಕಡೆಯ ದರಗಳನ್ನು ನೋಡಿ ಹಾಕಿದ ಅಂದಾಜು. ಹಳ್ಳಿಯಿಂದ ಜಿಲ್ಲಾ ಕೇಂದ್ರದ ಖಾಸಗಿ ದವಾಖಾನೆಗೆ ಹೋಗಿಬರುವ ಖರ್ಚು 120 ರೂ., ಚಹಾ-ಊಟ 80 ರೂ., ತಪ್ಪಿದ ದಿನಗೂಲಿ 500 ರೂ., ವೈದ್ಯರ ಶುಲ್ಕ 300 ರೂ., ರಕ್ತಪರೀಕ್ಷೆ 200 ರೂ., ಒಂದು ತಿಂಗಳ ಮಾತ್ರೆ 350 ರೂ. ಒಟ್ಟು 1,550 ರೂ.; ವರ್ಷಕ್ಕೆ 18,600 ರೂ. ಇದರಲ್ಲಿ ಮಾತ್ರೆಯ ಪಾಲು ನಾಲ್ಕನೆಯ ಒಂದಕ್ಕಿಂತಲೂ ಕಡಿಮೆ! ರೋಗಿ ಮಹಿಳೆಯಾಗಿದ್ದು ಮಗನೋ ಗಂಡನೋ ಜೊತೆಗೆ ಬರಬೇಕಾದರೆ ಪ್ರತಿ ಸಲ ಇನ್ನೂ 700 ರೂ. ಸೇರಿಸಿಕೊಳ್ಳಬೇಕು.

ಈಗ ಅದೇ ವೈದ್ಯರು, ಅದೇ ಮಾತ್ರೆ, ಅದೇ ಪರೀಕ್ಷೆ ಇರಲಿ. ಪ್ರಯಾಣ ಮಾತ್ರ ಮೂರು ತಿಂಗಳಿಗೊಮ್ಮೆ ಎಂದಾಗಲಿ. ನಡುವಿನ ತಿಂಗಳುಗಳಲ್ಲಿ ಪರೀಕ್ಷೆ ಮತ್ತು ಮಾತ್ರೆ ಊರಿನಲ್ಲಿಯೇ ಸಿಗಲಿ. ವರ್ಷದ ಖರ್ಚು 10,600 ರೂ. ಗೆ ಇಳಿಯುತ್ತದೆ. ಉಳಿದ 8,000 ರೂಪಾಯಿಯಲ್ಲಿ ಒಂದು ಪೈಸೆಯೂ ಔಷಧಿ ಕಂಪನಿಯ ರಿಯಾಯಿತಿಯಿಂದ ಬಂದದ್ದಲ್ಲ. ಪರೀಕ್ಷೆ, ಮಾತ್ರೆಗಳನ್ನು ಸರಕಾರಿ ಕೇಂದ್ರದಲ್ಲಿ ಉಚಿತವಾಗಿ ಪಡೆದರೆ ರೋಗಿಯ ಕೈಯಿಂದ ಹೋಗುವುದು 4,000 ರೂ. ಮಾತ್ರ.

ನಮ್ಮ ಜಿಲ್ಲೆಯ ಮಟ್ಟಿಗೆ ಇದು ಕೇವಲ ಕಾಗದದ ಲೆಕ್ಕವಲ್ಲ. ಬೆಂಗಳೂರಿನ ಐಐಎಂನ ಗೀತಾ ಸೇನ್ ಮತ್ತು ಅದಿತಿ ಅಯ್ಯರ್ ಅವರು ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಮನೆ ಮನೆ ಸಮೀಕ್ಷೆಯ ಆಧಾರದ ಮೇಲೆ ಬರೆದ ಪ್ರಬಂಧಗಳು 2007 ಮತ್ತು 2012ರಲ್ಲಿ ಪ್ರಕಟವಾಗಿ ವಿದ್ವಾಂಸರ ನಡುವೆ ಹೆಸರಾದವು. ದೀರ್ಘಕಾಲದ ಕಾಯಿಲೆಯವರನ್ನು ಅವರು ಮೂರು ಬಗೆಯಾಗಿ ನೋಡಿದರು: ಚಿಕಿತ್ಸೆಯನ್ನೇ ಪಡೆಯದವರು, ಪಡೆದು ನಡುವೆ ಬಿಟ್ಟವರು, ಮುಂದುವರಿಸಿಕೊಂಡು ಹೋದವರು. ಚಿಕಿತ್ಸೆ ಮುಂದುವರಿಯುವುದು ಬಡತನದ ಮೇಲೆ ಎಷ್ಟು ಅವಲಂಬಿಸಿದೆಯೋ ಮನೆಯಲ್ಲಿ ಆ ವ್ಯಕ್ತಿಯ ಸ್ಥಾನದ ಮೇಲೂ ಅಷ್ಟೇ ಅವಲಂಬಿಸಿದೆ, ಬಡ ಕುಟುಂಬದ ಮಹಿಳೆ ಎಲ್ಲರಿಗಿಂತ ಹಿಂದೆ ಉಳಿಯುತ್ತಾಳೆ ಎಂಬುದು ಅದರ ಸಾರ. "ನಡುವೆ ಬಿಟ್ಟವರು" ಎಂಬ ಕಲಮು ನಮ್ಮ ಶಿಬಿರದ ಹಾಳೆಯಲ್ಲಿ ಇರಲೇ ಇಲ್ಲ.

ನಡೆದ ಪ್ರಯೋಗಗಳು

ದಕ್ಷಿಣ ಭಾರತದಲ್ಲಿ ಈ ದಿಸೆಯ ಆರಂಭದ ದೊಡ್ಡ ಪ್ರಯತ್ನಗಳಲ್ಲಿ ಒಂದು ತಮಿಳುನಾಡಿನ ಅಂದಿನ ಕಾಂಚೀಪುರಂ ಜಿಲ್ಲೆಯ ಚುನಾಂಪೇಟೆಯಲ್ಲಿ 2006ರಲ್ಲಿ ಪ್ರಾರಂಭವಾಯಿತು. ಚೆನ್ನೈನ ಡಾ. ವಿ. ಮೋಹನ್ ಅವರ ಸಂಶೋಧನಾ ಪ್ರತಿಷ್ಠಾನವು ಇಸ್ರೋದ ಉಪಗ್ರಹ ಸಂಪರ್ಕವಿದ್ದ ಒಂದು ವ್ಯಾನಿನಲ್ಲಿ ಅಕ್ಷಿಪಟಲದ ಚಿತ್ರ ತೆಗೆಯುವ ಕ್ಯಾಮೆರಾ ಮತ್ತು ಇತರ ಪರೀಕ್ಷಾ ಸಾಧನಗಳನ್ನು ಅಳವಡಿಸಿ 42 ಹಳ್ಳಿಗಳನ್ನು ಸುತ್ತಿಸಿತು. ಅಲ್ಲಿಯ ವಯಸ್ಕರಲ್ಲಿ ಶೇ. 86 ಕ್ಕೂ ಹೆಚ್ಚು ಜನರ ತಪಾಸಣೆಯಾಯಿತು. ಕಣ್ಣಿನ ಚಿತ್ರ ಹಳ್ಳಿಯಿಂದ ಚೆನ್ನೈನ ತಜ್ಞರಿಗೆ ಹೋಗುತ್ತಿತ್ತು, ರೋಗಿ ಹೋಗುತ್ತಿರಲಿಲ್ಲ. ಊರಿನಲ್ಲಿಯೇ ಒಂದು ಸಣ್ಣ ಚಿಕಿತ್ಸಾ ಕೇಂದ್ರವನ್ನೂ ತೆರೆದರು. ಒಂದು ವರ್ಷದಲ್ಲಿ ರೋಗಿಗಳ ಸರಾಸರಿ ಎಚ್‌ಬಿಎ1ಸಿ 9.3 ರಿಂದ 8.5 ಕ್ಕೆ ಇಳಿಯಿತು. ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕಾಗಿ ಬಂದವರು ಶೇ. 5 ಕ್ಕಿಂತ ಕಡಿಮೆ. ನೂರರಲ್ಲಿ ತೊಂಬತ್ತೈದು ಜನರಿಗೆ ಪಟ್ಟಣದ ಪ್ರಯಾಣ ಅನಾವಶ್ಯಕವಾಗಿತ್ತು ಎಂದಾಯಿತು.

ವ್ಯಾನು, ಉಪಗ್ರಹಗಳಿಗಿಂತ ನನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು 2016ರಲ್ಲಿ ಫಲಿತಾಂಶ ಪ್ರಕಟವಾದ ಇನ್ನೊಂದು ಪ್ರಯೋಗ. ಬೆಂಗಳೂರಿನ ಕೇಂದ್ರಗಳೂ ಸೇರಿದಂತೆ ಭಾರತ ಹಾಗೂ ಪಾಕಿಸ್ತಾನದ 10 ಮಧುಮೇಹ ಚಿಕಿತ್ಸಾಲಯಗಳಲ್ಲಿ 1,146 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಹೆಚ್ಚುವರಿಯಾಗಿ ವೈದ್ಯರಲ್ಲದ ಒಬ್ಬ ಸಂಯೋಜಕರು ಮತ್ತು ಔಷಧಿಯ ಪ್ರಮಾಣದ ಬಗ್ಗೆ ವೈದ್ಯರಿಗೆ ಸಲಹೆ ನೀಡುವ ಒಂದು ಗಣಕಯಂತ್ರ ವ್ಯವಸ್ಥೆ. ಸಂಯೋಜಕರ ಕೆಲಸವೆಂದರೆ ರೋಗಿಯೊಡನೆ ಸಂಪರ್ಕವಿಟ್ಟುಕೊಳ್ಳುವುದು, ಬರದಿದ್ದವರನ್ನು ವಿಚಾರಿಸುವುದು. ಸಕ್ಕರೆಯ ಜೊತೆಗೆ ರಕ್ತದೊತ್ತಡ ಅಥವಾ ಕೊಬ್ಬು ಹತೋಟಿಗೆ ಬಂದವರು ಮೊದಲ ಗುಂಪಿನಲ್ಲಿ ಶೇ. 8.1 ರಷ್ಟು, ಎರಡನೆಯದರಲ್ಲಿ ಶೇ. 18.2 ರಷ್ಟು. ಶೇ. 18 ಎಂಬುದು ಸಾಲದು ಎಂಬುದು ನಿಜ. ಆದರೆ ಹೊಸ ಔಷಧಿ ಯಾವುದನ್ನೂ ಸೇರಿಸದೆ ಫಲ ಇಮ್ಮಡಿಗಿಂತ ಹೆಚ್ಚಾದದ್ದನ್ನು ಗಮನಿಸಬೇಕು.

ನಮ್ಮ ಪ್ರತಿಯೊಂದು ಅಂಗಡಿಯಲ್ಲಿಯೂ ಇಂಥ ಒಬ್ಬ ಸಂಯೋಜಕ ಇದ್ದಾನೆ. ಉದ್ರಿ ಕೊಟ್ಟ ಮೇಲೆ ವಾಯಿದೆ ಮೀರಿದವರ ಪಟ್ಟಿ ತೆಗೆದು ಪ್ರತಿ ಸೋಮವಾರ ದೂರವಾಣಿ ಮಾಡುವ ಗುಮಾಸ್ತ. ಉದ್ರಿ ವ್ಯಾಪಾರ ನಿಂತಿರುವುದೇ ಆ ಬಾಕಿದಾರರ ಪಟ್ಟಿಯ ಮೇಲೆ. 2017ರ ಕೊನೆಯಲ್ಲಿ ಪ್ರಾರಂಭವಾದ ಭಾರತ ರಕ್ತದೊತ್ತಡ ನಿಯಂತ್ರಣ ಉಪಕ್ರಮವು ಇದನ್ನೇ ಸರಕಾರಿ ಆರೋಗ್ಯ ಕೇಂದ್ರಗಳಿಗೆ ತಂದಿತು. ಎಲ್ಲ ಕೇಂದ್ರಗಳಿಗೂ ಒಂದೇ ಸರಳ ಔಷಧಿ ಕ್ರಮ, ತಿಂಗಳ ಮಾತ್ರೆ ಮನೆಯ ಹತ್ತಿರದ ಉಪಕೇಂದ್ರದಲ್ಲಿ, ಶುಶ್ರೂಷಕಿಯ ಮೊಬೈಲಿನಲ್ಲಿ ಪ್ರತಿ ರೋಗಿಗೂ ಒಂದು ಖಾತೆ ಮತ್ತು ಗಡುವು ಮೀರಿದವರ ಪಟ್ಟಿ. 2022ರಲ್ಲಿ ಇದಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿ ಬಂದಿತು. 2023ರ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ರಕ್ತದೊತ್ತಡ ಮತ್ತು ಮಧುಮೇಹ ಎರಡೂ ಸೇರಿ 7.5 ಕೋಟಿ ಜನರನ್ನು 2025ರೊಳಗೆ ನಿಯಮಿತ ಚಿಕಿತ್ಸೆಗೆ ತರುವ ಗುರಿಯನ್ನು ಘೋಷಿಸಿತು.

ಮಾತ್ರೆಯನ್ನು ಉಪಕೇಂದ್ರದಿಂದ ಮನೆಯ ಬಾಗಿಲಿಗೇ ಒಯ್ದದ್ದು ತಮಿಳುನಾಡು ಸರಕಾರ. ನಮ್ಮ ಗಡಿಗೆ ಅಂಟಿಕೊಂಡಿರುವ, ಕನ್ನಡ ಮಾತನಾಡುವವರೂ ಸಾಕಷ್ಟಿರುವ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ 2021ರ ಆಗಸ್ಟ್ 5ರಂದು ಈ ಯೋಜನೆ ಉದ್ಘಾಟನೆಯಾಯಿತು. ಸ್ವಸಹಾಯ ಸಂಘಗಳ ಮಹಿಳೆಯರಿಗೆ ತರಬೇತಿ ನೀಡಿ, ಮನೆಯಲ್ಲಿಯೇ ಸಕ್ಕರೆ ಮತ್ತು ರಕ್ತದೊತ್ತಡ ನೋಡಿ ಮಾತ್ರೆ ಕೊಡುವ ವ್ಯವಸ್ಥೆ ಮಾಡಿದರು. 2024ರ ಜನವರಿಯಲ್ಲಿ ಅದೇ ಯೋಜನೆಯನ್ನು ಕಾರ್ಖಾನೆಗಳಿಗೆ ವಿಸ್ತರಿಸಿ, ಹಗಲು ಹೊತ್ತು ಮನೆಯಲ್ಲಿ ಸಿಗದ ಕಾರ್ಮಿಕರನ್ನು ಕೆಲಸದ ಸ್ಥಳದಲ್ಲಿಯೇ ತಪಾಸಣೆ ಮಾಡತೊಡಗಿದರು. ಮನೆಮನೆ ಭೇಟಿಯ ದೋಷವನ್ನು ಅವರೇ ಕಂಡುಕೊಂಡು ಸರಿಪಡಿಸಿಕೊಂಡ ಬಗೆ ಇದು.

ಕರ್ನಾಟಕದಲ್ಲಿ ಗೃಹ ಆರೋಗ್ಯ ಯೋಜನೆಯು 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಮೊದಲಾಗಿ, 2025ರಲ್ಲಿ ಇತರ ಜಿಲ್ಲೆಗಳಿಗೆ ವಿಸ್ತರಣೆಯಾಯಿತು. 30 ವರ್ಷ ಮೀರಿದವರ ಮನೆಗೆ ಆರೋಗ್ಯ ಸಿಬ್ಬಂದಿ ಹೋಗಿ ಮಧುಮೇಹ, ರಕ್ತದೊತ್ತಡ, ಕೆಲವು ಬಗೆಯ ಕ್ಯಾನ್ಸರ್ ಮುಂತಾದವುಗಳ ತಪಾಸಣೆ ಮಾಡಿ, ರೋಗ ಕಂಡುಬಂದವರಿಗೆ ಚಿಕಿತ್ಸೆಯ ದಾರಿ ಮಾಡಿಕೊಡುವುದು ಇದರ ಉದ್ದೇಶ. ಇಲ್ಲಿ ನನ್ನದೊಂದು ಎಚ್ಚರಿಕೆಯ ಮಾತು. ಎಷ್ಟು ಮನೆಗಳ ತಪಾಸಣೆಯಾಯಿತು ಎಂಬ ಅಂಕಿಯಿಂದ ಯೋಜನೆಯ ಯಶಸ್ಸನ್ನು ಅಳೆಯಬಾರದು. ಪತ್ತೆಯಾದವರಲ್ಲಿ ಆರು ತಿಂಗಳ ನಂತರವೂ ಮಾತ್ರೆ ತೆಗೆದುಕೊಳ್ಳುತ್ತಿರುವವರು ಎಷ್ಟು ಎಂಬುದೇ ನೋಡಬೇಕಾದ ಅಂಕಿ. ಮಾರಾಟ ನೋಡಿ ಹಿಗ್ಗಿ, ವಸೂಲಿ ನೋಡದ ವ್ಯಾಪಾರಿಯ ಗತಿ ಏನಾಗುತ್ತದೆಂಬುದು ನಮಗೆಲ್ಲ ಗೊತ್ತು.

ವಿಮೆ ಮತ್ತು ಬೆಲೆ

ಆರೋಗ್ಯ ವಿಮೆ ಇದೆಯಲ್ಲ ಎಂದು ಸದಸ್ಯರು ಕೇಳಬಹುದು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯು ವರ್ಷಕ್ಕೆ ತಲಾ 60 ರೂ. ವಂತಿಗೆಯಲ್ಲಿ ಸಹಕಾರ ಸಂಘಗಳ ರೈತರಿಗೆ ಶಸ್ತ್ರಚಿಕಿತ್ಸೆಯ ಭದ್ರತೆ ನೀಡಿ ದೇಶದ ಗಮನ ಸೆಳೆಯಿತು. 2018ರಲ್ಲಿ ನಿಂತು 2022ರಲ್ಲಿ ಮರುಜೀವ ಪಡೆಯಿತು. ಇಂಥ ಯೋಜನೆಗಳ ಉಪಕಾರ ದೊಡ್ಡದು. ಆದರೆ ಅವು ಹಣ ತೆರುವುದು ಮುಖ್ಯವಾಗಿ ರೋಗಿ ಆಸ್ಪತ್ರೆಗೆ ದಾಖಲಾದ ಮೇಲೆ. ಖಾಸಗಿ ವಿಮೆಯೂ ಬಹುಮಟ್ಟಿಗೆ ಹಾಗೆಯೇ. ಬೆರಳು ತೆಗೆಯಲು ಹಣ ಹುಟ್ಟುತ್ತದೆ, ಬೆರಳು ಉಳಿಸುವ ತಿಂಗಳ ಓಡಾಟಕ್ಕೆ ಹುಟ್ಟುವುದಿಲ್ಲ. ಹೀಗಾಗಿ ಮಧುಮೇಹದ ಮಟ್ಟಿಗೆ ಊರ ಬಳಿಯ ಆರೋಗ್ಯ ಕೇಂದ್ರವೇ ನಿಜವಾದ ವಿಮೆ.

ಬೆಲೆಯ ವಿಷಯದಲ್ಲಿ ವರ್ತಮಾನ ಚೆನ್ನಾಗಿದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಇನ್ಸುಲಿನ್‌ಗಳು ಬೆಲೆ ನಿಯಂತ್ರಣದಲ್ಲಿವೆ. 2008ರಲ್ಲಿ ಪ್ರಾರಂಭವಾದ ಜನೌಷಧಿ ಮಳಿಗೆಗಳ ಸಂಖ್ಯೆ 2025ರ ಆರಂಭದಲ್ಲಿ 15,000 ದಾಟಿತು. 2025ರ ಮಾರ್ಚ್‌ನಲ್ಲಿ ಎಂಪಾಗ್ಲಿಫ್ಲೋಜಿನ್ ಎಂಬ ಔಷಧಿಯ ಪೇಟೆಂಟ್ ಮುಗಿದು, ಸುಮಾರು 60 ರೂ. ಇದ್ದ ಮಾತ್ರೆಗೆ ದೇಶೀಯ ಕಂಪನಿಗಳು ಹತ್ತು ರೂಪಾಯಿಯ ಆಸುಪಾಸಿನ ಪರ್ಯಾಯ ತಂದವು. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಿಗಳು, ಗ್ಲುಕೋಮೀಟರ್ ಮತ್ತು ಅದರ ಪಟ್ಟಿಗಳ ಮೇಲಿನ ಜಿಎಸ್‌ಟಿ ಶೇ. 12 ರಿಂದ 5 ಕ್ಕೆ ಇಳಿಯಿತು. ಅಂದಿನಿಂದಲೇ ವೈಯಕ್ತಿಕ ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲವಾಯಿತು. ಸಿಬ್ಬಂದಿಗಾಗಿ ಮಾಲೀಕರು ಕೊಳ್ಳುವ ಗುಂಪು ವಿಮೆಗೆ ಈ ವಿನಾಯಿತಿ ಅನ್ವಯಿಸಲಿಲ್ಲ ಎಂಬುದನ್ನು ಮರೆಯಬಾರದು.

ಸದಸ್ಯರಿಗೆ ಸಂಬಂಧಿಸಿದ ಅಂಶಗಳು

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗಳ ಸಂಹಿತೆಯ 6ನೆಯ ಕಲಮಿನ ಪ್ರಕಾರ ನಿಗದಿತ ವಯಸ್ಸಿನ ಸಿಬ್ಬಂದಿಗೆ ಮಾಲೀಕರು ಉಚಿತ ವಾರ್ಷಿಕ ಆರೋಗ್ಯ ತಪಾಸಣೆ ಮಾಡಿಸಬೇಕು. 40 ವರ್ಷ ಮೀರಿದ ಕಾರ್ಮಿಕರಿಗೆ ಇದು ಎಂದು ಕೇಂದ್ರ ಸರಕಾರ ಪ್ರಕಟಿಸಿದೆ. ಗಂಗಾವತಿಯ ಅಕ್ಕಿ ಗಿರಣಿಗಳಿಂದ ಹಿಡಿದು ಕುಷ್ಟಗಿ, ಯಲಬುರ್ಗಾದ ಕಾಳುಕಡಿ ವ್ಯವಹಾರದವರೆಗೆ ಹತ್ತು ಅಥವಾ ಹೆಚ್ಚು ಜನರನ್ನು ಇಟ್ಟುಕೊಂಡವರು ನಿಯಮಗಳನ್ನು ತಮ್ಮ ಸಲಹೆಗಾರರೊಡನೆ ಪರಿಶೀಲಿಸಿಕೊಳ್ಳುವುದು ಒಳಿತು. ಹೇಗೂ ಮಾಡಿಸಬೇಕಾದ ತಪಾಸಣೆಯಲ್ಲಿ ಸಕ್ಕರೆ, ರಕ್ತದೊತ್ತಡ ಮತ್ತು ಪಾದದ ಪರೀಕ್ಷೆ ಸೇರಲಿ.

ಇದಕ್ಕಾಗಿ ಮಾಡಿದ ಖರ್ಚು ವ್ಯಾಪಾರದ ಖರ್ಚೇ ಆಗುತ್ತದೆ; ಬಿಲ್ಲು ಮಾತ್ರ ಸಂಸ್ಥೆಯ ಹೆಸರಿನಲ್ಲಿರಬೇಕು. ರೋಗನಿರ್ಣಯ ಪ್ರಯೋಗಾಲಯಗಳ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಹೂಡುವಳಿ ತೆರಿಗೆಯ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ. ಸಾಮಾಜಿಕ ಹೊಣೆಗಾರಿಕೆಯ ಹಣ ವ್ಯಯಿಸಬೇಕಾದ ದೊಡ್ಡ ಕಂಪನಿಗಳಿಗೆ ರೋಗ ತಡೆ ಕಾರ್ಯವು 2013ರ ಕಂಪನಿ ಕಾಯ್ದೆಯ 7ನೆಯ ಅನುಸೂಚಿಯಲ್ಲಿ ಬರುತ್ತದೆ. ಆದರೆ ಸ್ವಂತ ನೌಕರರಿಗಷ್ಟೇ ಮಾಡಿದ ಶಿಬಿರವನ್ನು ಆ ಲೆಕ್ಕಕ್ಕೆ ಹಾಕುವಂತಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿ ಕಲಮಿನಲ್ಲಿ ಮುನ್ನೆಚ್ಚರಿಕೆಯ ತಪಾಸಣೆಗೆ 5,000 ರೂ. ವರೆಗೆ, ನಗದಾಗಿ ಕೊಟ್ಟರೂ, ಕಡಿತವಿತ್ತು. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಆ ಸೌಲಭ್ಯ ಸಿಗಲಿಲ್ಲ. ನಮ್ಮಲ್ಲಿ ಬಹುಮಂದಿ ಆರಿಸಿಕೊಂಡದ್ದು ಹೊಸದನ್ನೇ.

ಈ ಎಲ್ಲಕ್ಕಿಂತ ಅಗ್ಗವಾದ ಉಪಾಯವೊಂದನ್ನು ನನ್ನ ಆ ಕಕ್ಷಿದಾರರು ಕೈಗೊಂಡಿದ್ದಾರೆ. ಹೆಸರು ಪತ್ತೆಯಾದವರಿಗೆ ತಿಂಗಳಲ್ಲಿ ಅರ್ಧ ದಿನ, ಪಗಾರ ಕಡಿತವಿಲ್ಲದೆ, ಅವರವರ ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿಬರಲು ಬಿಡುವು ಕೊಡುತ್ತಾರೆ. ಅಂಗಡಿಯಲ್ಲಿ ಒಂದು ಇನ್ನೂರು ಪುಟದ ನೋಟು ಪುಸ್ತಕವಿದೆ. ಹನ್ನೊಂದು ಹೆಸರುಗಳು, ಪ್ರತಿ ಹೆಸರಿನ ಮುಂದೆ ಹೋಗಿಬಂದ ದಿನಾಂಕ ಮತ್ತು ಮುಂದಿನ ದಿನಾಂಕ, ಅಷ್ಟೇ. ಸಕ್ಕರೆಯ ಅಂಕಿಯನ್ನು ಬರೆಯಕೂಡದೆಂದು ನಾನೇ ಹಟ ಹಿಡಿದೆ. ಅದು ರೋಗಿಗೂ ವೈದ್ಯರಿಗೂ ಸೇರಿದ ವಿಷಯ. ಮಾಲೀಕರ ಕಣ್ಣಿಗೆ ಬಿದ್ದರೆ ನಾಳೆ ಕೆಲಸಕ್ಕೆ ಕುತ್ತು ಬಂದೀತೆಂಬ ಭಯದಿಂದ ಹೆಸರು ಬರೆಸುವವರೇ ಇರುವುದಿಲ್ಲ. ಮುಂಗಡದ ಬಾಕಿಯನ್ನು ತಿಂಗಳಿಗೆ 1,000 ರೂ. ನಂತೆ ತೀರಿಸುತ್ತಿರುವ ಆ ತೂಕದಾರನೇ ಈ ಪುಸ್ತಕವನ್ನು ನೋಡಿಕೊಳ್ಳುತ್ತಿದ್ದಾನೆ; ನಿಂತು ತೂಗುವ ಕೆಲಸ ಈಗ ಆತನಿಂದ ಆಗುವುದಿಲ್ಲ.

ಕಳೆದ ಬಾರಿ ತಪಾಸಣೆಗೆ ಹೋದಾಗ ಲೆಕ್ಕಪತ್ರಗಳ ಜೊತೆಗೆ ಆ ಪುಸ್ತಕವನ್ನೂ ತರಿಸಿ ನೋಡಿದೆ. ವಾಯಿದೆ ಮೀರಿದವರು ಇಬ್ಬರಿದ್ದರು. ಒಬ್ಬಾಕೆ ಕಾಳು ಹಸನು ಮಾಡುವ ಹೆಣ್ಣುಮಗಳು, ಮಗಳ ಬಾಣಂತನಕ್ಕೆ ಹೋಗಿದ್ದರು. ಇನ್ನೊಬ್ಬರು ಅಂಗಡಿಯ ಮಾಲೀಕರು.

"ಸಾಹುಕಾರ್ರಿಗೆ ಎರಡು ಸಲ ಹೇಳೀನ್ರಿ, ನೀವ ಒಂದ್ ಮಾತು ಹೇಳ್ರಿ" ಎಂದ ತೂಕದಾರ.